ಅನುದಾನದ ರೊಕ್ಕ ಓಣಿ ತನಕ ಹೋಗಬೇಕು

(ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಸಣ್ಣ ಸಂಘ-ಸಂಸ್ಥೆಗಳ ಕಾರ್ಯಕರ್ತರಿಗಾಗಿ ಗದಗದಲ್ಲಿ ನಡೆದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮಹಿಳಾ ಸಂಘದವರಿದ್ದೀರಿ, ಯುವಕ ಮಂಡಳದವರಿದ್ದೀರಿ, ಟ್ರಸ್ಟ್ ನಡೆಸುವವರಿದ್ದೀರಿ. ಬೆಳಿಗ್ಗೆ ಚಹಾ ಕುಡಿಯುವಾಗ ಬಹಳ ಮಂದಿ ಕೇಳಿದ್ದು ಒಂದೇ ಪ್ರಶ್ನೆ. "ಅಕ್ಕಾರ, ಆರೋಗ್ಯದ ಕೆಲಸಕ್ಕ ಸರ್ಕಾರದ ಅನುದಾನ ಬರತೈತಂತಲ್ರಿ, ಅರ್ಜಿ ಎಲ್ಲಿ ಹಾಕಬೇಕ್ರಿ?" ಉತ್ತರ ಹೇಳುತ್ತೇನೆ. ಯಾವ ಇಲಾಖೆ, ಯಾವ ಯೋಜನೆ, ಯಾವ ಕಾಗದ, ಎಲ್ಲ ಹೇಳುತ್ತೇನೆ. ಆದರೆ ನನಗೆ ಮುಖ್ಯ ಅನ್ನಿಸುವುದು ಅರ್ಜಿಯ ಜೊತೆ ಇಡುವ ಬಜೆಟ್ ಹಾಳೆ. ಇಷ್ಟು ವರ್ಷ ಸಂಸ್ಥೆಗಳ ಲೆಕ್ಕ ಬರೆಯುತ್ತಾ, ನಡುನಡುವೆ ಓಣಿಗಳಲ್ಲಿ ತಿರುಗುತ್ತಾ ನಾನು ಕಂಡಿದ್ದು ಇಷ್ಟು: ರೊಕ್ಕ ಬರುತ್ತದೆ, ಖರ್ಚೂ ಆಗುತ್ತದೆ. ಆದರೆ ರೋಗ ತಡೆಯಬೇಕಾದ ಜಾಗಕ್ಕೆ ಅದು ಬಹಳ ಸಲ ಹೋಗುವುದೇ ಇಲ್ಲ.

ಯಾಕೆ ಅಂತ ಹೇಳುತ್ತೇನೆ. ಕಣ್ಣಿನ ಪೊರೆಯ ಆಪರೇಷನ್ ತೆಗೆದುಕೊಳ್ಳಿ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲೇ ಶುರುವಾಯಿತು. ಅದರಲ್ಲಿ ಸ್ವಯಂಸೇವಾ ಸಂಸ್ಥೆಯ ಆಸ್ಪತ್ರೆ ಆಪರೇಷನ್ ಮಾಡಿದರೆ, ಒಂದೊಂದು ಕಣ್ಣಿಗೆ ಇಷ್ಟು ಅಂತ ಸರ್ಕಾರ ಹಣ ಕೊಡುತ್ತದೆ. ಲೆಕ್ಕ ಸುಲಭ. ಪೊರೆ ತೆಗೆದರು, ಕಣ್ಣು ಕಾಣಿಸಿತು, ಬಿಲ್ ಪಾಸಾಯಿತು. ಈಗ ಇನ್ನೊಂದು ಕೆಲಸ ನೋಡಿ. ಬಿಪಿ ಇರುವ ಒಬ್ಬ ಮನುಷ್ಯನ ಮನೆಗೆ ತಿಂಗಳಿಗೊಮ್ಮೆ ಹೋಗಿ, ಗುಳಿಗೆ ನುಂಗುತ್ತಿದ್ದಾನಾ ಅಂತ ವಿಚಾರಿಸಿ, ಅವನಿಗೆ ಲಕ್ವಾ ಹೊಡೆಯದಂತೆ ನೋಡಿಕೊಂಡಿರಿ. ಏನಾಯಿತು? ಕಣ್ಣಿಗೆ ಕಾಣುವಂಥದ್ದು ಏನೂ ಆಗಲಿಲ್ಲ. ಏನೂ ಆಗದೇ ಇರುವುದೇ ನಿಮ್ಮ ಕೆಲಸ. ಅದಕ್ಕೆ ಬಿಲ್ ಹೇಗೆ ಬರೆಯುತ್ತೀರಿ?

ಬರೆಯೋಕೆ ಬರದ ಕಾರಣ, ಎಣಿಸೋಕೆ ಬರುವುದನ್ನು ಎಣಿಸುತ್ತೇವೆ. ಎಷ್ಟು ಶಿಬಿರ, ಎಷ್ಟು ಬ್ಯಾನರ್, ಎಷ್ಟು ಕರಪತ್ರ, ಎಷ್ಟು ಜನರ ಸಹಿ. ಸಮುದಾಯ ಭವನದಲ್ಲಿ ಒಂದು ದಿನ ಬಿಪಿ-ಶುಗರ್ ತಪಾಸಣೆ ಮಾಡಿ, ಚೀಟಿ ಬರೆದು ಕೊಟ್ಟು, ಉಪ್ಪಿಟ್ಟು ಶಿರಾ ಕೊಟ್ಟು ಕಳಿಸುತ್ತೇವೆ. ಬಿಪಿ ಜಾಸ್ತಿ ಇದ್ದರೂ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ, ಅಲ್ವಾ? ತಲೆ ನೋಯುತ್ತಿಲ್ಲ, ಹೊಲಕ್ಕೆ ಹೋಗೋಕೆ ಆಗುತ್ತಿದೆ, ಹಾಗಿದ್ದ ಮೇಲೆ ಗುಳಿಗೆ ಯಾಕೆ ಅಂತ ಆ ಮನುಷ್ಯ ಚೀಟಿಯನ್ನು ಗೋಡೆಯ ಗೂಡಿನಲ್ಲಿ ಇಡುತ್ತಾನೆ. ಮೂರು ತಿಂಗಳ ಮೇಲೆ ಅವನ ಬಾಗಿಲಿಗೆ ಯಾರು ಹೋಗಬೇಕು ಅನ್ನೋದು ನಮ್ಮ ಬಜೆಟ್ಟಿನಲ್ಲಿ ಇರುವುದಿಲ್ಲ.

ರೋಗ ತಡೆಯುವ ಕೆಲಸದಲ್ಲಿ ಔಷಧಿಯ ಜಾಗದಲ್ಲಿ ಇರುವುದು ಆ ಬಾಗಿಲಿಗೆ ಹೋಗುವ ಹೆಣ್ಣುಮಗಳು. ಅವಳ ಗೌರವಧನ, ಅವಳ ಓಡಾಟದ ಖರ್ಚು, ಅವಳ ತರಬೇತಿ, ಇವೇ ಬಜೆಟ್ಟಿನ ಮೊದಲ ಸಾಲುಗಳಾಗಬೇಕು. ನಿಮ್ಮ ಬಜೆಟ್ ಒಂದು ಲಕ್ಷ ಅಂದುಕೊಳ್ಳಿ. ಅದರಲ್ಲಿ ಬಾಗಿಲಿಗೆ ಹೋಗುವವರ ಪಾಲು ಅರ್ಧಕ್ಕಿಂತ ಕಡಿಮೆ ಇದ್ದರೆ ಆ ಹಾಳೆಯನ್ನು ಹರಿದು ಮತ್ತೆ ಬರೆಯಿರಿ ಅಂತ ನಾನು ಹೇಳುತ್ತೇನೆ. ಇದು ಯಾವ ಸರ್ಕಾರಿ ಆದೇಶವೂ ಅಲ್ಲ, ನನ್ನ ಅಭಿಪ್ರಾಯ.

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತ ತಿಳಿಯಬೇಡಿ. ಏಡ್ಸ್ ವಿಷಯದಲ್ಲಿ ಸರ್ಕಾರ ಇದನ್ನೇ ಮಾಡಿ ತೋರಿಸಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 1992ರಲ್ಲಿ. ಅದರ ಒಳಗೆ, ಸೋಂಕಿನ ಅಪಾಯ ಜಾಸ್ತಿ ಇರುವ ಮಂದಿಯ ನಡುವೆ ಮಾಡುವ ತಡೆಯ ಕೆಲಸಕ್ಕೆ ಟಿಐ ಪ್ರಾಜೆಕ್ಟ್ ಅಂತ ಕರೆಯುತ್ತಾರಲ್ಲ, ಅದನ್ನು ನಡೆಸುವುದು ಹೆಚ್ಚಾಗಿ ನಮ್ಮಂಥ ಸಂಸ್ಥೆಗಳು. ಹಣ ಪೂರ್ತಿ ಕೇಂದ್ರದ್ದು. ಕರ್ನಾಟಕದಲ್ಲಿ ಅದು ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಮೂಲಕ ಬರುತ್ತದೆ. ಆ ಬಜೆಟ್ ಹಾಳೆಯನ್ನು ಒಮ್ಮೆ ನೋಡಿ. ಪೀರ್ ಎಜುಕೇಟರ್, ಔಟ್‌ರೀಚ್ ವರ್ಕರ್, ಕೌನ್ಸೆಲರ್. ಅಂದರೆ ಜನ. ಲೈಂಗಿಕ ವೃತ್ತಿಯಲ್ಲಿರುವ ಹೆಣ್ಣುಮಗಳ ಜೊತೆ ಮಾತಾಡೋಕೆ ಅದೇ ಬದುಕು ಬಲ್ಲ ಇನ್ನೊಬ್ಬ ಹೆಣ್ಣುಮಗಳನ್ನೇ ನೇಮಿಸುತ್ತಾರೆ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಂಥ ಕಡೆ ಲಾರಿ ಡ್ರೈವರುಗಳ ಜೊತೆ ಮಾತಾಡಬೇಕಾದರೆ, ಲಾರಿ ಲೋಡಾಗುವ ಹೊತ್ತು ಯಾವುದು, ಡ್ರೈವರ್ ಎಲ್ಲಿ ಊಟಕ್ಕೆ ಕೂಡುತ್ತಾನೆ ಅಂತ ಗೊತ್ತಿರುವವರೇ ಬೇಕು. ಹೊರಗಿನಿಂದ ಬಂದು ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಕಾಂಡೋಮ್ ಹಂಚುವುದು, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುವುದು, ಸೋಂಕು ಇದ್ದವರನ್ನು ಎಚ್‌ಐವಿ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ತಲುಪಿಸುವುದು, ಇದೆಲ್ಲ ನಡೆಯೋದು ಪರಿಚಯದ ಮೇಲೆ.

ಉತ್ತರ ಕರ್ನಾಟಕದಲ್ಲಿ ಈ ಕೆಲಸಕ್ಕೆ ದೊಡ್ಡ ಬಲ ಬಂದಿದ್ದು 2003ರಲ್ಲಿ ಶುರುವಾದ ಅವಾಹನ್ ಯೋಜನೆಯಿಂದ. ಅದು ಗೇಟ್ಸ್ ಫೌಂಡೇಷನ್ ಹಣ. ಕೆಲವು ವರ್ಷಗಳ ಮೇಲೆ ಅದನ್ನು ಸರ್ಕಾರವೇ ವಹಿಸಿಕೊಂಡಿತು. ದೇಶದಲ್ಲಿ ಹೊಸ ಎಚ್‌ಐವಿ ಸೋಂಕು 2010ರಿಂದ 2023ರ ಹೊತ್ತಿಗೆ ಶೇಕಡಾ 44ರಷ್ಟು ಇಳಿದಿದೆ ಅಂತ ಸರ್ಕಾರದ ಅಂದಾಜು ಹೇಳುತ್ತದೆ. ಇದರಲ್ಲಿ ಔಷಧಿಯ ಪಾಲೂ ಇದೆ, ಒಪ್ಪುತ್ತೇನೆ. ಆದರೆ ಆ ಔಷಧಿಯ ತನಕ ಜನರನ್ನು ಕೈಹಿಡಿದು ಕರೆತಂದವರು ಇಂಥ ಕಾರ್ಯಕರ್ತರು.

ಇಷ್ಟು ಚೆಂದದ ಯೋಜನೆಯಲ್ಲೂ ಒಂದು ನೋವಿದೆ. ಹಣ ಕಂತಿನಲ್ಲಿ ಬರುತ್ತದೆ. ಕಂತು ತಡವಾದರೆ ಮೊದಲು ನಿಲ್ಲುವುದು ಓಣಿಗೆ ಹೋಗುವವರ ಗೌರವಧನ. ಆಫೀಸ್ ಬಾಡಿಗೆ ಹೇಗೋ ಹೊಂದಿಸುತ್ತಾರೆ. ನಾನು ಲೆಕ್ಕ ನೋಡುತ್ತಿದ್ದ ಒಂದು ಸಂಸ್ಥೆಯಲ್ಲಿ ಒಂದು ವರ್ಷ ಎರಡನೇ ಕಂತು ತಿಂಗಳುಗಟ್ಟಲೆ ಬರಲಿಲ್ಲ. ಆಗಿನ್ನೂ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಇರಲಿಲ್ಲ. ಒಬ್ಬ ಕಾರ್ಯಕರ್ತೆ ಬಂದು ಹೇಳಿದಳು: "ಅಕ್ಕಾರ, ನಿಮ್ಮ ಆರೋಗ್ಯ ನೋಡಿಕೊಳ್ರಿ ಅಂತ ಮಂದಿಗೆ ಹೇಳಾಕ ಹೊಂಟೀನ್ರಿ. ಬಸ್ ಚಾರ್ಜಿಗೆ ಮನ್ಯಾಗ ಕೈ ಚಾಚಿ ನಿಂದರಬೇಕ್ರಿ." ಅವಳು ಕೆಲಸ ಬಿಡಲಿಲ್ಲ. ಬಿಟ್ಟರೆ ತನ್ನನ್ನು ನಂಬಿದ ಹೆಣ್ಣುಮಕ್ಕಳು ಏನಾಗುತ್ತಾರೆ ಅನ್ನೋದೇ ಅವಳ ಚಿಂತೆ. ಇಂಥವರ ಒಳ್ಳೆಯತನದ ಮೇಲೆ ಸರ್ಕಾರದ ಕಾರ್ಯಕ್ರಮ ನಡೆಯಬಾರದು. ಇದನ್ನು ಇಲಾಖೆಯವರ ಎದುರೂ ಹೇಳಿದ್ದೇನೆ, ಇವತ್ತೂ ಹೇಳುತ್ತೇನೆ.

ಈಗ ರೊಕ್ಕ ಎಲ್ಲಿದೆ ಅಂತ ನೋಡೋಣ.

ದೊಡ್ಡ ಬಾಗಿಲು ರಾಷ್ಟ್ರೀಯ ಆರೋಗ್ಯ ಮಿಷನ್. ಇದರ ಖರ್ಚಿನಲ್ಲಿ ಕೇಂದ್ರದ್ದು ಶೇಕಡಾ 60, ಕರ್ನಾಟಕದ್ದು ಶೇಕಡಾ 40. ಹಣದಲ್ಲಿ ಶೇಕಡಾ 5ರವರೆಗೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಖರ್ಚು ಮಾಡಬಹುದು ಅಂತ ಮಿಷನ್ನಿನ ಮೂಲ ಚೌಕಟ್ಟಿನಲ್ಲೇ ಬರೆದಿದ್ದರು. ಬಹಳ ಮಂದಿ ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಒ ಆಫೀಸಿಗೆ ಅರ್ಜಿ ಕೊಟ್ಟು ಬಂದು ಕಾಯುತ್ತಾ ಕೂಡುತ್ತಾರೆ. ಅಲ್ಲಿ ಕೇಳುವ ಮೊದಲ ಪ್ರಶ್ನೆ, "ಇದು ಪಿಐಪಿಯಲ್ಲಿ ಇದೆಯಾ?" ಪಿಐಪಿ ಅಂದರೆ ಮಿಷನ್ನಿನ ಕಾರ್ಯಯೋಜನೆ. ಜಿಲ್ಲೆಯಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಹೋಗಿ, ಅಲ್ಲಿ ಒಪ್ಪಿಗೆ ಆಗಿ ಬರುತ್ತದೆ. 2022ರಿಂದ ಇದನ್ನು ಎರಡು ವರ್ಷಕ್ಕೊಮ್ಮೆ ಮಾಡುತ್ತಿದ್ದಾರೆ. ಅದರಲ್ಲಿ ನಿಮ್ಮ ಕೆಲಸಕ್ಕೆ ಒಂದು ಸಾಲು ಇಲ್ಲದಿದ್ದರೆ, ಡಿಎಚ್‌ಒ ಎಷ್ಟೇ ಒಳ್ಳೆಯವರಿದ್ದರೂ ಕೊಡೋಕೆ ರೊಕ್ಕ ಇರುವುದಿಲ್ಲ. ಹಾಗಾಗಿ ಜಿಲ್ಲೆಯ ಯೋಜನೆ ಬರೆಯುವ ಹೊತ್ತಿಗೆ ಹೋಗಬೇಕು. ಎಲ್ಲ ಮುಗಿದು ಏಪ್ರಿಲ್‌ನಲ್ಲಿ ಹೋದರೆ ಸುಮ್ನೆ ಓಡಾಟ.

ಗದಗದವರಿಗೆ ಒಂದು ವಿಷಯ ನೆನಪು ಮಾಡುತ್ತೇನೆ. 2007ರ ಹೊತ್ತಿಗೆ ದೇಶದ ಒಂಬತ್ತು ರಾಜ್ಯಗಳಲ್ಲಿ ಆರೋಗ್ಯ ಸೇವೆಯನ್ನು ಊರಿನವರೇ ಪರಿಶೀಲಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ದ ಜಿಲ್ಲೆಗಳಲ್ಲಿ ಗದಗವೂ ಒಂದು. ನರ್ಸ್ ಬರುತ್ತಾರಾ, ಔಷಧಿ ಸಿಗುತ್ತಾ, ಹೆರಿಗೆಗೆ ರೊಕ್ಕ ಕೇಳುತ್ತಾರಾ ಅಂತ ಊರಿನವರೇ ಕೂತು ಮಾತಾಡುವ ಕೆಲಸ ಅದು. ಸಂಸ್ಥೆಗಳಿಗೆ ಇಂಥ ಕೆಲಸಕ್ಕೂ ಸರ್ಕಾರ ಹಣ ಕೊಟ್ಟಿದೆ. ಕೊಡಬಹುದು ಅನ್ನೋದಕ್ಕೆ ಉದಾಹರಣೆ ನಿಮ್ಮ ಜಿಲ್ಲೆಯಲ್ಲೇ ಇದೆ.

ಕ್ಷಯದ ಕಾರ್ಯಕ್ರಮದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಲ್ಲಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಳ್ಳೋಕೆ 2019ರ ಮಾರ್ಗಸೂಚಿ ಇದೆ. ಮನೆಮನೆಗೆ ಹೋಗಿ ಕೆಮ್ಮು ಇರುವವರನ್ನು ಹುಡುಕುವುದು, ಕಫದ ಮಾದರಿಯನ್ನು ಲ್ಯಾಬಿಗೆ ಮುಟ್ಟಿಸುವುದು, ಚಿಕಿತ್ಸೆ ಪೂರ್ತಿ ಆಗುವ ತನಕ ರೋಗಿಯ ಜೊತೆ ಇರುವುದು, ಇಂಥ ಕೆಲಸಗಳನ್ನು ಸಂಸ್ಥೆಗಳಿಗೆ ವಹಿಸಬಹುದು. ಸಾಮಾನ್ಯ ಕ್ಷಯಕ್ಕೆ ಗುಳಿಗೆ ಆರು ತಿಂಗಳು. ಎರಡು ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಹಸಿವು ಬರುತ್ತದೆ, ರೋಗಿ ಆರಾಮಾದೆ ಅಂದುಕೊಳ್ಳುತ್ತಾನೆ. ನಮ್ಮ ಕಡೆ ಇನ್ನೊಂದು ತೊಂದರೆ. ಮಳೆ ಕೈಕೊಟ್ಟರೆ ಮಂದಿ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯೋಕೆ ಹೋಗುತ್ತಾರೆ. ಗುಳಿಗೆ ಅಲ್ಲಿಗೇ ನಿಲ್ಲುತ್ತದೆ. ಅರ್ಧಕ್ಕೆ ಬಿಟ್ಟ ಕ್ಷಯ ಗುಳಿಗೆಗೆ ಜಗ್ಗದ ಕ್ಷಯವಾಗಿ ತಿರುಗಿ ಬರಬಹುದು. ಅವನು ಹೊರಡುವ ಮುಂಚೆ ಸುದ್ದಿ ತಿಳಿಯಬೇಕಾದರೆ ಅವನ ಹೆಂಡತಿ ಜೊತೆ ಮಾತಾಡುವವರು ಆ ಓಣಿಯಲ್ಲೇ ಇರಬೇಕು. ಆಗ ಹೋಗುವ ಊರಿನ ಸರ್ಕಾರಿ ಆಸ್ಪತ್ರೆಗೆ ಅವನ ಹೆಸರು ವರ್ಗ ಮಾಡಿಸಬಹುದು. ಕ್ಷಯ ರೋಗಿಗಳ ಹೆಸರು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಮನೆಯ ಉಳಿದವರಿಗೆ ರೋಗ ಬರದಂತೆ ಕೊಡುವ ಗುಳಿಗೆಯೂ ಇದೆ. ಮೈಯಲ್ಲಿ ರೋಗ ಇಲ್ಲದವರಿಗೆ ಗುಳಿಗೆ ನುಂಗಿ ಅನ್ನೋದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ. ಕರಪತ್ರದಿಂದ ಅದು ಆಗುವ ಕೆಲಸವಲ್ಲ.

ಕ್ಷಯ ರೋಗಿಯ ಖಾತೆಗೆ ಊಟಕ್ಕಾಗಿ ನೇರವಾಗಿ ಹಣ ಬರುತ್ತದೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಇದು ರೋಗಿಯ ಹಣ, ಸಂಸ್ಥೆಯದ್ದಲ್ಲ. ಆದರೆ ಬ್ಯಾಂಕ್ ಖಾತೆ ಸರಿ ಇಲ್ಲದೆ ಹಣ ಸಿಗದವರನ್ನು ಬ್ಯಾಂಕಿಗೆ ಕರೆದೊಯ್ಯುವುದೂ ನಿಮ್ಮ ಕಾರ್ಯಕರ್ತೆಯ ಕೆಲಸವೇ.

ಆರೋಗ್ಯ ಇಲಾಖೆಯ ಹೊರಗೂ ನೋಡಿ. ಮುಂಡರಗಿ ಕಡೆಯವರು ಕೈ ಎತ್ತಿದ್ದೀರಲ್ಲ, ನಿಮ್ಮ ಬೋರ್‌ವೆಲ್ ನೀರಿನ ಫ್ಲೋರೈಡ್ ವಿಷಯ ನಿಮಗೇ ಗೊತ್ತು. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದ ಕಡೆ 1.5 ತನಕ ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತವೆ, ದೊಡ್ಡವರ ಬೆನ್ನು, ಮಂಡಿ ಬಿಗಿಯುತ್ತವೆ. ಒಮ್ಮೆ ಎಲುಬಿಗೆ ಇಳಿದ ಮೇಲೆ ಯಾವ ಔಷಧಿಯಿಂದಲೂ ವಾಪಸ್ ಬರುವುದಿಲ್ಲ. ತಡೆಯುವುದೊಂದೇ ದಾರಿ. ಫ್ಲೋರೋಸಿಸ್ ತಡೆಗೆ ಕೇಂದ್ರದ ಕಾರ್ಯಕ್ರಮ 2008-09ರಿಂದ ಇದೆ. ಆದರೆ ಹಣ ಕುಡಿಯುವ ನೀರಿನ ಕಡೆಯೇ ಜಾಸ್ತಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಊರಿನ ಜನರನ್ನು ಜೊತೆಗೂಡಿಸುವ ಕೆಲಸವನ್ನು ಸಂಸ್ಥೆಗಳಿಗೆ ಕೊಡುತ್ತಾರೆ. ಪ್ರತಿ ಊರಿನ ಐದು ಹೆಣ್ಣುಮಕ್ಕಳಿಗೆ ಕಿಟ್‌ನಿಂದ ನೀರು ಪರೀಕ್ಷೆ ಮಾಡೋದನ್ನು ಕಲಿಸಬೇಕು ಅಂತಲೂ ಅದರಲ್ಲಿದೆ. ನಿಮ್ಮೂರಿನ ಆ ಐವರು ಯಾರು? ಕಿಟ್ ಎಲ್ಲಿದೆ? ನಾಳೆಯೇ ವಿಚಾರಿಸಿ.

ಕುಡಿತ, ಮಾದಕ ವಸ್ತುಗಳ ವಿಷಯದಲ್ಲಿ ಕೆಲಸ ಮಾಡುವವರಿಗೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನ ಇದೆ. ಅರ್ಜಿ ಇ-ಅನುದಾನ್ ಪೋರ್ಟಲ್‌ನಲ್ಲಿ. ವ್ಯಸನಮುಕ್ತಿ ಕೇಂದ್ರಕ್ಕೂ ಕೊಡುತ್ತಾರೆ, ಹುಡುಗರ ನಡುವೆ ಹುಡುಗರೇ ಕೆಲಸ ಮಾಡುವ ಯೋಜನೆಗೂ ಕೊಡುತ್ತಾರೆ. ಎರಡನೆಯದರ ಕಡೆ ನಮ್ಮವರು ನೋಡುವುದೇ ಕಡಿಮೆ. ಕಟ್ಟಡ ಇದ್ದರೆ ಮಾತ್ರ ಸಂಸ್ಥೆ ಅನ್ನೋ ಭಾವನೆ ಹೋಗಬೇಕು.

ಕಾಗದಗಳ ವಿಷಯ ಬೇಗ ಮುಗಿಸುತ್ತೇನೆ. ಸೊಸೈಟಿಯಾದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ವರ್ಷ ವರ್ಷ ಪಟ್ಟಿ, ಲೆಕ್ಕ ಸಲ್ಲಿಸಿರಬೇಕು. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ಐಡಿ, ಸಂಸ್ಥೆಯ ಪ್ಯಾನ್, ಮಂದಿ 12ಎ ಅಂತ ಕರೆಯುವ ಆದಾಯ ತೆರಿಗೆ ನೋಂದಣಿ ಬೇಕು. ಅದನ್ನು ಈಗ ಅವಧಿ ಮುಗಿದಂತೆ ನವೀಕರಿಸಬೇಕು, ಮರೆಯಬೇಡಿ. ಬಹಳ ಯೋಜನೆಗಳು ಮೂರು ವರ್ಷದ ಆಡಿಟ್ ಕೇಳುತ್ತವೆ.

ಹಣ ಬಂದ ಮೇಲಿನ ಲೆಕ್ಕದ ಬಗ್ಗೆ ಮಾತ್ರ ನಿಧಾನವಾಗಿ ಕೇಳಿ. ಕೇಂದ್ರದ ಅನುದಾನಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಹಣಕಾಸು ವರ್ಷ ಮುಗಿದ 12 ತಿಂಗಳ ಒಳಗೆ ಬಳಕೆ ಪ್ರಮಾಣಪತ್ರ ಕೊಡಬೇಕು. ಎಲ್ಲರೂ ಯುಸಿ ಅಂತಾರಲ್ಲ, ಅದು. ಯುಸಿ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಅನುದಾನದ ಹಣಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಬಂದರೆ ಅದನ್ನೂ ಸರ್ಕಾರಕ್ಕೆ ವಾಪಸ್ ಕಟ್ಟಬೇಕು. ಆ ಹಣದಿಂದ ಕೊಂಡ ಕಂಪ್ಯೂಟರ್, ತೂಕದ ಯಂತ್ರ ಯಾವುದನ್ನೂ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಸಂಸ್ಥೆ ಹೆಚ್ಚಿನ ಮಟ್ಟಿಗೆ ಸರ್ಕಾರದ ಹಣದಿಂದಲೇ ನಡೆಯುತ್ತಿದ್ದರೆ ಮಾಹಿತಿ ಹಕ್ಕು ಕಾಯ್ದೆ ನಿಮಗೂ ಅನ್ವಯಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೆದರುವಂಥದ್ದೇನಿಲ್ಲ. ನಿಮ್ಮ ವೋಚರ್ ಫೈಲನ್ನು ಊರಿನ ಯಾರಾದರೂ ಬಂದು ತೆಗೆದು ನೋಡಬಹುದು ಅಂತ ಮೊದಲ ದಿನದಿಂದಲೇ ತಿಳಿದು ಬರೆಯಿರಿ.

ಇನ್ನೊಂದು ಮಾತು ಹೇಳದೆ ಇರೋಕೆ ಆಗುವುದಿಲ್ಲ. ವೋಚರಿನಲ್ಲಿ ಕಾರ್ಯಕರ್ತೆಯ ಸಹಿ ಒಂದು ಮೊತ್ತಕ್ಕೆ, ಅವಳ ಕೈಗೆ ಹೋಗುವುದು ಇನ್ನೊಂದು ಮೊತ್ತ. ಇದು ನಡೆಯುತ್ತದೆ ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು. ಅದು ಕಳ್ಳತನ. ಬಡವರಲ್ಲಿ ಬಡವಳ ಕೂಲಿಯನ್ನು ಕದಿಯುವುದು. ಗೌರವಧನ ಬ್ಯಾಂಕ್ ಖಾತೆಗೇ ಹೋಗಬೇಕು, ಅದೂ ಅವಳೇ ಎಟಿಎಂ ಕಾರ್ಡ್ ಇಟ್ಟುಕೊಂಡಿರುವ ಖಾತೆಗೆ. ಹಾಗೆಯೇ, "ಅನುದಾನ ಮಾಡಿಸಿಕೊಡ್ತೀನಿ, ಇಷ್ಟು ಪರ್ಸೆಂಟ್ ಕೊಡ್ರಿ" ಅಂತ ಬರುವ ಮಧ್ಯವರ್ತಿಗಳನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಅವರಿಗೆ ಕೊಟ್ಟ ಪರ್ಸೆಂಟ್ ಯಾವ ಸಾಲಿನಲ್ಲಿ ಬರೆಯುತ್ತೀರಿ? ಕೊನೆಗೆ ಅದು ಕಾರ್ಯಕರ್ತೆಯ ಪಾಲಿನಿಂದಲೇ ಹೋಗುತ್ತದೆ.

ಫೋಟೋಗಳ ಬಗ್ಗೆಯೂ ಎಚ್ಚರ ಇರಲಿ. ವರದಿಗೆ ಫೋಟೋ ಹಾಕಿದರೆ ಚೆಂದ ಕಾಣುತ್ತದೆ ಅಂತ ಕ್ಷಯ ರೋಗಿಯ ಕೈಗೆ ಆಹಾರದ ಕಿಟ್ ಕೊಟ್ಟು ಸಾಲಾಗಿ ನಿಲ್ಲಿಸಿ ತೆಗೆಯುತ್ತಾರೆ. ಆ ಫೋಟೋ ವಾಟ್ಸಾಪಿನಲ್ಲಿ ಊರೆಲ್ಲ ತಿರುಗುತ್ತದೆ. ಮದುವೆಗೆ ಬಂದ ಮಗಳಿರುವ ಮನೆಯವರು ಮುಂದಿನ ತಿಂಗಳು ನಿಮ್ಮ ಕಾರ್ಯಕರ್ತೆಗೆ ಬಾಗಿಲು ತೆರೆಯುವುದಿಲ್ಲ. ಎಚ್‌ಐವಿ ವಿಷಯದಲ್ಲಂತೂ 2017ರ ಕಾಯ್ದೆಯೇ ಇದೆ. ವ್ಯಕ್ತಿಯ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವಂತಿಲ್ಲ. ವರದಿಯಲ್ಲಿ ಮುಖಗಳ ಬದಲು ಭೇಟಿಯ ಲೆಕ್ಕ ಕೊಡಿ. ಎಷ್ಟು ಮನೆಗೆ ಎರಡನೇ ಸಲ, ಮೂರನೇ ಸಲ ಹೋದಿರಿ, ಎಷ್ಟು ಮಂದಿ ಗುಳಿಗೆ ಪೂರ್ತಿ ಮಾಡಿದರು ಅಂತ ಬರೆಯಿರಿ. ಅಧಿಕಾರಿಗಳಿಗೂ ನನ್ನ ಕೋರಿಕೆ ಇದೇ. ನಿಮ್ಮ ಫಾರ್ಮಿನಲ್ಲಿ "ಶಿಬಿರಗಳ ಸಂಖ್ಯೆ" ಅನ್ನೋ ಕಾಲಂ ಪಕ್ಕದಲ್ಲಿ "ಮರುಭೇಟಿಗಳ ಸಂಖ್ಯೆ" ಅಂತ ಇನ್ನೊಂದು ಕಾಲಂ ಸೇರಿಸಿ. ಕಾಲಂ ಇದ್ದರೆ ಸಂಸ್ಥೆಗಳು ಅದನ್ನು ತುಂಬೋಕಾದರೂ ಮನೆಮನೆಗೆ ಹೋಗುತ್ತವೆ.

ಕೊನೆಗೆ, ಹಿಂದಿನ ಸಾಲಿನಿಂದ ಒಬ್ಬ ತಂಗಿ ಚೀಟಿ ಕಳಿಸಿದ್ದಾಳೆ. ಹಾವೇರಿ ಜಿಲ್ಲೆಯವಳು. "ನಮ್ಮ ಸಂಘ ಹೊಸದ್ರಿ. ಮೂರು ವರ್ಷದ ಆಡಿಟ್ ಇಲ್ಲ. ನಾವು ಏನ್ ಮಾಡಬೇಕ್ರಿ?"

ತಂಗಿ, ಸದ್ಯಕ್ಕೆ ಅನುದಾನದ ಹಿಂದೆ ಹೋಗಬೇಡ. ನಿಮ್ಮ ಊರಿನಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ. ಅದಕ್ಕೆ ಆರೋಗ್ಯ ಮಿಷನ್ನಿಂದ ವರ್ಷಕ್ಕೆ 10,000 ರೂಪಾಯಿ ತನಕ ಇಂಥದ್ದಕ್ಕೇ ಅಂತ ಕಟ್ಟುಪಾಡಿಲ್ಲದ ಹಣಕ್ಕೆ ಅವಕಾಶ ಇದೆ. ಆಶಾ ಕಾರ್ಯಕರ್ತೆ ಆ ಸಮಿತಿಯಲ್ಲಿ ಇರುತ್ತಾರೆ, ಪಂಚಾಯಿತಿ ಸದಸ್ಯರೂ ಇರುತ್ತಾರೆ. ನಿಮ್ಮ ಸಂಘದ ಇಬ್ಬರು ಆ ಸಭೆಗೆ ಹೋಗಿ ಕೂಡಿ. ನಿಮ್ಮ ಓಣಿಯಲ್ಲಿ ಬಿಪಿ, ಶುಗರ್ ಇರುವವರು ಯಾರು, ಗುಳಿಗೆ ನಿಲ್ಲಿಸಿದವರು ಯಾರು ಅಂತ ಆಶಾ ಜೊತೆ ಕೂತು ಒಂದು ವಹಿಯಲ್ಲಿ ಬರೆಯಿರಿ. ಆ ವಹಿ ಹೊರಗೆ ಹೋಗಬಾರದು. ಸಂಘದ ಲೆಕ್ಕವನ್ನು, 500 ರೂಪಾಯಿ ಇದ್ದರೂ ಸರಿ, ಈ ವರ್ಷದಿಂದಲೇ ಆಡಿಟ್ ಮಾಡಿಸಿ. ಅಷ್ಟರಲ್ಲಿ ನಿಮ್ಮ ಹತ್ತಿರ ಹಳೆಯ, ನಂಬಿಕೆಯ ಸಂಸ್ಥೆ ಯಾವುದಾದರೂ ಇದ್ದರೆ, ಅವರ ಯೋಜನೆಯಲ್ಲಿ ನಿಮ್ಮ ಊರಿನ ಪಾಲನ್ನು ಕೇಳಿ. ಯಾರಿಗೆ ಎಷ್ಟು, ಯಾವ ತಾರೀಖಿಗೆ ಅಂತ ಕಾಗದದ ಮೇಲೆ ಬರೆಸಿಕೊಂಡೇ ಒಪ್ಪಿಕೊಳ್ಳಿ. ಮೊದಲು ಮುಂದಿನ ಗ್ರಾಮಸಭೆ ಯಾವಾಗ ಅಂತ ಪಂಚಾಯಿತಿಯಲ್ಲಿ ಕೇಳಿಕೊ. ಆ ಸಮಿತಿಯ ಖಾತೆಯಲ್ಲಿ ಎಷ್ಟಿದೆ, ಹೋದ ವರ್ಷ ಯಾವುದಕ್ಕೆ ಖರ್ಚಾಯಿತು ಅಂತ ಎದ್ದು ನಿಂತು ಕೇಳು.